ತಿಂಗಳ ಚೀಟಿಯಲ್ಲಿ ಕಾಳು ಎಲ್ಲಿದೆ?

ನಮ್ಮ ಬೀದಿಯ ಕೊನೆಯ ವಠಾರದಲ್ಲಿ ಬಾಡಿಗೆಗಿರುವ ಹೆಣ್ಣುಮಗಳೊಬ್ಬಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಕುಣಿಗಲ್ ಕಡೆಯವಳು, ಎರಡು ಮಕ್ಕಳ ತಾಯಿ. ಹೋದ ತಿಂಗಳು ಹೊಲಿಗೆ ಯಂತ್ರದ ಮುಂದೆಯೇ ತಲೆ ಸುತ್ತಿ ಕುಸಿದಳಂತೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9. ಸಂಜೆ ನಮ್ಮ ಮನೆ ಮುಂದೆ ಹಾದುಹೋಗುವಾಗ ಕೈಚೀಲ ತೆರೆದು ತೋರಿಸಿದಳು: ಹಾಲಿಗೆ ಬೆರೆಸುವ ಪುಡಿಯ ಒಂದು ಡಬ್ಬಿ, ಒಂದು ಓಟ್ಸ್ ಪ್ಯಾಕೆಟ್, ನಾಲ್ಕು ದಾಳಿಂಬೆ, ಕಾಲು ಕಿಲೋ ಬಾದಾಮಿ.

"ಡಾಕ್ಟ್ರು ರಕ್ತ ಕಮ್ಮಿ ಐತೆ, ಚೆನ್ನಾಗಿ ತಿನ್ನಮ್ಮ ಅಂದ್ರು ಕಣಕ್ಕ. ಒಟ್ಟು ಸಾವಿರದ ಮುನ್ನೂರಾಯ್ತು."

ಅವಳ ಸುಮಾರು ಮೂರು ದಿನದ ಸಂಬಳ ಅದು. ಅವಳು ಇಳಿದ ಬಸ್ ಸ್ಟಾಪಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಎರಡು ಸೊಪ್ಪಿನ ಗಾಡಿಗಳಿವೆ. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಒಮ್ಮೊಮ್ಮೆ ನುಗ್ಗೆಸೊಪ್ಪು, ಎಲ್ಲ ಸಿಗುತ್ತದೆ. ಸಂಜೆ ಏಳರ ಮೇಲೆ ಹೋದರೆ ಇಪ್ಪತ್ತಕ್ಕೆ ಎರಡು ಕಟ್ಟು ಕೊಡುತ್ತಾರೆ. ಅವನ್ನು ದಾಟಿಕೊಂಡೇ ಅವಳು ಬಂದಿದ್ದಳು. "ಸೊಪ್ಪು, ಹುರುಳಿಕಾಳು ತಗೋಬಾರ್ದಿತ್ತೇನೇ?" ಎಂದು ಕೇಳಿದೆ. "ಅದೆಲ್ಲ ಊರಲ್ಲಿ ದಿನಾ ತಿಂತಿದ್ವಲ್ಲಕ್ಕ. ಅದ್ರಲ್ಲೇನೈತೆ?" ಅಂದಳು.

ಅವಳ ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕು ಎಂದೇ ಈ ವಾರದ ಅಂಕಣವನ್ನು ಇದಕ್ಕೆ ಮೀಸಲಿಟ್ಟಿದ್ದೇನೆ. ದುಡ್ಡು ಕಡಿಮೆ ಇರುವುದು ನಿಜವಾದ ಕಷ್ಟ, ಅದರ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಆದರೆ ಇರುವ ದುಡ್ಡೂ ತಪ್ಪು ಜಾಗಕ್ಕೆ ಹೋಗುತ್ತಿದೆ ಎನ್ನುವುದು ಅದಕ್ಕಿಂತ ಹೆಚ್ಚು ನೋವಿನ ಸಂಗತಿ. ನಾವು ಯಾವುದನ್ನು ಬಡವರ ಊಟ ಎಂದು ತಿಳಿದು ಬಿಟ್ಟುಬಂದೆವೋ ಅದರಲ್ಲೇ ಅವಳಿಗೆ ಬೇಕಾದದ್ದು ಇತ್ತು.

ಮೊದಲು ದಾಳಿಂಬೆಯ ವಿಷಯ. ಕೆಂಪಗಿರುವುದೆಲ್ಲ ರಕ್ತ ಹೆಚ್ಚಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದಾಳಿಂಬೆ, ಬೀಟ್‌ರೂಟ್, ಸೇಬು, ಈ ಮೂರರಲ್ಲಿ ಯಾವುದನ್ನು 100 ಗ್ರಾಂ ತಿಂದರೂ ಸಿಗುವ ಕಬ್ಬಿಣದ ಅಂಶ 1 ಮಿಲಿಗ್ರಾಂ ಕೂಡ ಆಗುವುದಿಲ್ಲ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ 8 ಮಿಲಿಗ್ರಾಂಗೂ ಹೆಚ್ಚು, ಕಡಲೆಕಾಳಿನಲ್ಲಿ 6ರ ಮೇಲೆ, ಹೆಸರುಕಾಳು, ಅಲಸಂದೆ, ರಾಗಿ, ಹರಿವೆ ಸೊಪ್ಪುಗಳಲ್ಲಿ 4ರಿಂದ 5ರ ಆಸುಪಾಸು ಇದೆ. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ಗಂಡಸಿಗೆ 19 ಸಾಕು. ದಾಳಿಂಬೆ ಒಳ್ಳೆಯ ಹಣ್ಣೇ, ಇಷ್ಟಪಟ್ಟು ತಿನ್ನಲಿ. ರಕ್ತಕ್ಕೆಂದು ಸಾಲ ಮಾಡಿ ತಿನ್ನಬೇಕಾದ ಹಣ್ಣಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಹಿಮೋಗ್ಲೋಬಿನ್ 9ಕ್ಕೆ ಇಳಿದ ಮೇಲೆ ಊಟವೊಂದರಿಂದಲೇ ಅದನ್ನು ಮೇಲೆತ್ತಲು ಆಗುವುದಿಲ್ಲ. ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಹೇಳಿದಷ್ಟು ದಿನವೂ ನುಂಗಲೇಬೇಕು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆ ಮಾತ್ರೆ ಉಚಿತವಾಗಿ ಸಿಗುತ್ತದೆ. ಮತ್ತೆ ಕೆಳಗಿಳಿಯದಂತೆ ಕಾಯುವುದು ಮಾತ್ರ ದಿನದಿನದ ತಟ್ಟೆ.

ಆ ತಟ್ಟೆಗೆ ನಾನು ಹೇಳುವ ಮೊದಲ ಹೆಸರು ಬಸ್ಸಾರು. ಮಂಡ್ಯ, ತುಮಕೂರು, ಹಾಸನ, ರಾಮನಗರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಬರೆಯುತ್ತೇನೆ. ಕಾಳನ್ನೋ ತೊಗರಿಬೇಳೆಯನ್ನೋ ಬೇಯಲು ಇಡಬೇಕು. ಅರ್ಧ ಬೆಂದಾಗ ತೊಳೆದು ಹೆಚ್ಚಿದ ಸೊಪ್ಪು, ಉಪ್ಪು ಹಾಕಬೇಕು. ಎರಡೂ ಬೆಂದ ಮೇಲೆ ನೀರನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಬೇಕು. ಆ ನೀರಿಗೆ ಕಟ್ಟು ಎನ್ನುತ್ತಾರೆ. ಕೆಳಗುಳಿದ ಸೊಪ್ಪು-ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ ಕೊಟ್ಟು, ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸಿದರೆ ಪಲ್ಯ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಖಾರದ ಪುಡಿ, ಹುಣಸೆಹಣ್ಣು, ಕಾಯಿ ಇವುಗಳ ಜೊತೆ ಬೆಂದ ಸೊಪ್ಪು-ಕಾಳಿನದೇ ಒಂದು ಹಿಡಿ ಸೇರಿಸಿ ರುಬ್ಬಿ, ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಜೊತೆಗೆ ಮುದ್ದೆ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಪದಾರ್ಥ.

ಇದನ್ನು ಕಂಡುಹಿಡಿದ ಹೆಂಗಸರು ಯಾರೋ ಗೊತ್ತಿಲ್ಲ, ಅವರ ಬಗ್ಗೆ ನನಗೆ ಅಪಾರ ಗೌರವ. ಸೊಪ್ಪು ಬೇಯಿಸುವಾಗ ಫೋಲೇಟಿನಂಥ ಬಿ ಜೀವಸತ್ವಗಳೂ ಕೆಲವು ಖನಿಜಗಳೂ ನೀರಿಗೆ ಇಳಿದುಬಿಡುತ್ತವೆ. ಆ ನೀರನ್ನು ಚೆಲ್ಲಿದರೆ ಅರ್ಧ ಸಂಪತ್ತು ಬಚ್ಚಲಿಗೆ ಹೋದ ಹಾಗೆ. ಬಸ್ಸಾರಿನಲ್ಲಿ ಚೆಲ್ಲುವುದೇ ಇಲ್ಲ, ಇಳಿದದ್ದೆಲ್ಲ ಸಾರಾಗಿ ತಟ್ಟೆಗೆ ವಾಪಸು ಬರುತ್ತದೆ. ಇನ್ನು ಒಗ್ಗರಣೆಗೆ ಬನ್ನಿ. ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ಧಾನ್ಯ ಮತ್ತು ಕಾಳುಗಳಲ್ಲಿರುವ ಕಬ್ಬಿಣ, ಸತುವು ಹೆಚ್ಚು ಪ್ರಮಾಣದಲ್ಲಿ ದಕ್ಕುವ ರೂಪಕ್ಕೆ ಬರುತ್ತವೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಜೀರ್ಣಕ್ರಿಯೆಯನ್ನು ಅನುಕರಿಸಿ ನೋಡಿ 2010ರಲ್ಲಿ ಪ್ರಕಟಿಸಿದರು. ಇನ್ನು ಮುದ್ದೆ. ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಧಾರಾಳವಾಗಿದೆ, ಆದರೆ ಮೆಥಿಯೊನಿನ್ ಕಡಿಮೆ. ಎರಡನ್ನೂ ಒಂದೇ ಊಟದಲ್ಲಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ಬೇಳೆ, ಇಡ್ಲಿಯಲ್ಲಿ ಅಕ್ಕಿಯ ಜೊತೆ ಉದ್ದು, ಎಲ್ಲದರ ಗುಟ್ಟೂ ಇದೇ.

ಬಸ್ಸಾರಿನ ತಟ್ಟೆಯಲ್ಲಿ ಒಂದು ಕೊರತೆಯಿದೆ. ಬೇಯಿಸಿದಾಗ ಸೊಪ್ಪಿನ ಸಿ ಜೀವಸತ್ವ ಬಹುಪಾಲು ನಾಶವಾಗುತ್ತದೆ. ಗಿಡಮೂಲದ ಆಹಾರದಲ್ಲಿರುವ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ಒಗ್ಗುವುದಿಲ್ಲ, ಅದನ್ನು ಹೀರಿಕೊಳ್ಳಲು ಸಿ ಜೀವಸತ್ವದ ನೆರವು ಬೇಕು. ಹಾಗಾಗಿ ಒಲೆಯ ಮೇಲಲ್ಲ, ತಟ್ಟೆಗೆ ಬಡಿಸಿದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ. ಅಥವಾ ಊಟದ ಜೊತೆಗೇ ಒಂದು ಸೀಬೆಹಣ್ಣು ತಿನ್ನಿ. ಕಿತ್ತಳೆಗಿಂತ ನಾಲ್ಕು ಪಟ್ಟಿನಷ್ಟು ಸಿ ಜೀವಸತ್ವ ಸೀಬೆಯಲ್ಲಿದೆ. ಬೆಟ್ಟದ ನೆಲ್ಲಿಕಾಯಿಯೂ ಅದಕ್ಕೆ ಸರಿಗಟ್ಟುತ್ತದೆ. ಇನ್ನೊಂದು ಅಭ್ಯಾಸವನ್ನು ಬಿಡಬೇಕು. ಊಟವಾದ ಕೂಡಲೇ ಕುಡಿಯುವ ಟೀ, ಕಾಫಿ ಆ ಕಬ್ಬಿಣವನ್ನು ಕಟ್ಟಿಹಾಕಿ ಹೊರಗೆ ಸಾಗಿಸುತ್ತವೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಅವು ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆ ಸಂಸ್ಥೆಯ ಹಿಂದೆ ಒಂದು ಹಳೆಯ ಕಥೆಯಿದೆ. ಅದು ಹುಟ್ಟಿದ್ದು ಹೈದರಾಬಾದಿನಲ್ಲಲ್ಲ, ನೀಲಗಿರಿಯ ಕೂನೂರಿನಲ್ಲಿ. ಬೆರಿಬೆರಿ ರೋಗದ ಕಾರಣ ಹುಡುಕಲು ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ವಿಜ್ಞಾನಿ 1918ರಲ್ಲಿ ಒಂದು ಕೋಣೆಯಲ್ಲಿ ಶುರುಮಾಡಿದ ಪ್ರಯೋಗಾಲಯವದು. 1920ರ ದಶಕದಲ್ಲಿ ಆತ ಇಲಿಗಳನ್ನು ಗುಂಪು ಮಾಡಿ, ಭಾರತದ ಬೇರೆ ಬೇರೆ ಪ್ರಾಂತ್ಯದ ಜನ ಏನು ತಿನ್ನುತ್ತಾರೋ ಅದನ್ನೇ ಒಂದೊಂದು ಗುಂಪಿಗೆ ತಿನ್ನಿಸಿ ನೋಡಿದ. ಚೆನ್ನಾಗಿ ಬೆಳೆದದ್ದು ಸಿಖ್ಖರ ಊಟ ತಿಂದ ಇಲಿಗಳು: ಇಡೀ ಗೋಧಿಯ ರೊಟ್ಟಿ, ಬೇಳೆ, ಹಾಲು-ಮೊಸರು, ಸೊಪ್ಪು-ತರಕಾರಿ. ಎಲ್ಲಕ್ಕಿಂತ ಸೊರಗಿದ್ದು ಪಾಲಿಶ್ ಮಾಡಿದ ಅಕ್ಕಿಯೇ ಮುಖ್ಯವಾಗಿದ್ದ ಮದ್ರಾಸಿನ ಊಟ ತಿಂದವು. ಆ ಪ್ರಯೋಗದಲ್ಲಿ ಕನ್ನಡಿಗರ ಊಟವೂ ಇತ್ತು. ಅದು ನಿಂತದ್ದು ಕೆಳಗಿನ ಸಾಲಿನಲ್ಲಿ, ಬಂಗಾಳ ಮತ್ತು ಮದ್ರಾಸಿಗಿಂತ ಸ್ವಲ್ಪವೇ ಮೇಲೆ.

ಈ ಸಂಗತಿಯನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಅಜ್ಜಿಯರ ಊಟವೆಲ್ಲ ಅಮೃತವಾಗಿತ್ತು ಎಂಬ ಮಾತು ಈಗ ಬಹಳ ಕೇಳಿಬರುತ್ತಿದೆ. ಹಾಗಿರಲಿಲ್ಲ. ಬರಗಾಲದ ವರ್ಷಗಳಲ್ಲಿ ಮುದ್ದೆಗೆ ಸಾರೇ ಇರುತ್ತಿರಲಿಲ್ಲ, ಉಪ್ಪು-ಮೆಣಸಿನಕಾಯಿ ಮುಟ್ಟಿಸಿಕೊಂಡು ನುಂಗುತ್ತಿದ್ದರು. ಹಾಲು ಮಾರಿ ಕಾಸು ಮಾಡಿಕೊಂಡು ಮಕ್ಕಳಿಗೆ ನೀರುಮಜ್ಜಿಗೆ ಕೊಟ್ಟ ಮನೆಗಳು ಎಷ್ಟೋ. ನಾವು ಹಳೆಯ ಕಾಲದಿಂದ ತರಬೇಕಾದದ್ದು ಬೇಯಿಸುವ, ಬೆರೆಸುವ ಜಾಣತನವನ್ನು. ಅವರ ಹಸಿವನ್ನಲ್ಲ.

ಮೆಕ್‌ಕ್ಯಾರಿಸನ್ನನ ಪ್ರಯೋಗ ಕಲಿಸಿದ್ದು ಪ್ರಮಾಣದ ಪಾಠ. ಅನ್ನ ಬೆಟ್ಟದಷ್ಟು, ಬೇಳೆ ತೆಳ್ಳಗೆ, ಪಲ್ಯ ಉಪ್ಪಿನಕಾಯಿಯಷ್ಟು: ನೂರು ವರ್ಷವಾದರೂ ನಮ್ಮ ತಟ್ಟೆ ಹೀಗೇ ಇದೆ. ಅನ್ನಭಾಗ್ಯ ಬಂದ ಮೇಲೆ ಹೊಟ್ಟೆ ತುಂಬದ ಮನೆಗಳು ಕಡಿಮೆಯಾದವು, ಅದು ದೊಡ್ಡ ಸಮಾಧಾನ, ಅದರ ಬಗ್ಗೆ ಹಗುರ ಮಾತಾಡುವವರ ಜೊತೆ ನನಗೆ ಸಹಮತವಿಲ್ಲ. ಆದರೆ ಅಕ್ಕಿ ಮನೆಗೆ ಬಂದಿತೆಂದು ಉಳಿದ ಕಾಸನ್ನು ಕಾಳಿಗೆ, ಸೊಪ್ಪಿಗೆ, ಮೊಟ್ಟೆಗೆ ಹಾಕಿದವರು ಎಷ್ಟು ಜನ?

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಬ್ಬ ವಯಸ್ಕರಿಗೆ ದಿನಕ್ಕೆ ಬೇಕಾದ ಅಳತೆ ಕೊಟ್ಟಿದ್ದಾರೆ, 2000 ಕ್ಯಾಲೊರಿಯ ಲೆಕ್ಕಕ್ಕೆ: ಧಾನ್ಯ 250 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಕಾಳು-ಬೇಳೆ (ಅಥವಾ ಅದರಲ್ಲಿ ಒಂದು ಪಾಲು ಮೊಟ್ಟೆ, ಮೀನು, ಮಾಂಸ) 85 ಗ್ರಾಂ, ಹಣ್ಣು 100 ಗ್ರಾಂ, ಕಡಲೆಬೀಜ-ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ, ಹಾಲು 300 ಮಿಲಿ. ಗ್ರಾಮಿನ ಲೆಕ್ಕ ಓದಿ ಯಾರೂ ಅಡುಗೆ ಮಾಡುವುದಿಲ್ಲ. ನಮ್ಮ ಮನೆಗಳು ನಡೆಯುವುದು ತಿಂಗಳ ಸಾಮಾನಿನ ಚೀಟಿಯ ಮೇಲೆ. ಆದ್ದರಿಂದ ನಾನು ಇದನ್ನು ನಾಲ್ಕು ದೊಡ್ಡವರ ಮನೆಯ 30 ದಿನದ ಚೀಟಿಗೆ ಇಳಿಸಿ ನೋಡಿದೆ.

ಅಕ್ಕಿ, ರಾಗಿ, ಗೋಧಿ, ಜೋಳ ಎಲ್ಲ ಸೇರಿ 30 ಕಿಲೋ. ಇದು ಬಹುತೇಕ ಎಲ್ಲ ಮನೆಯಲ್ಲೂ ಆಗುತ್ತದೆ, ಇನ್ನೂ ಹೆಚ್ಚೇ ಆಗುತ್ತದೆ. ಎಣ್ಣೆ ಮೂರೂವರೆ ಲೀಟರು, ಅದಕ್ಕಿಂತ ಹೆಚ್ಚು ಬೇಡ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ, ಒಮ್ಮೆ ಪ್ಯಾಕೆಟ್ ಮೇಲೆ ತಾರೀಕು ಬರೆದಿಟ್ಟು ನೋಡಿ. ಸಕ್ಕರೆ, ಬೆಲ್ಲ ಎರಡೂ ಸೇರಿ 3 ಕಿಲೋ ದಾಟಬಾರದು. ಇನ್ನು ಕಾಳು-ಬೇಳೆ: 10 ಕಿಲೋ.

ಹತ್ತು ಕಿಲೋ! ಈ ಸಂಖ್ಯೆ ಬರೆದುಕೊಂಡು ನಾನೇ ನಮ್ಮ ಮನೆಯ ಹಳೆಯ ಚೀಟಿಗಳನ್ನು ಹುಡುಕಿ ನೋಡಿದೆ. ತೊಗರಿಬೇಳೆ 2 ಕಿಲೋ, ಉದ್ದಿನಬೇಳೆ 1, ಕಡಲೆಬೇಳೆ ಅರ್ಧ, ಹೆಸರುಬೇಳೆ ಅರ್ಧ. ಅಲ್ಲಿಗೆ ನಾಲ್ಕು ಕಿಲೋ. ಮೊಟ್ಟೆ, ಮೀನು ತಿನ್ನುವ ಮನೆಯಾದರೆ ಒಂದಿಷ್ಟು ಕಡಿಮೆ ಮಾಡಿಕೊಳ್ಳಬಹುದು, ಆದರೂ ನಾಲ್ಕು ಸಾಲದು. ಗೊತ್ತಿದ್ದು ಗೊತ್ತಿದ್ದೂ ನಾವು ಎಡವುತ್ತಿರುವುದು ಇಲ್ಲೇ. ಹತ್ತು ಕಿಲೋಗೆ ದುಡ್ಡೆಲ್ಲಿ ಎಂದು ಕೇಳಬಹುದು. ತೊಗರಿಬೇಳೆಯೊಂದನ್ನೇ ನೆಚ್ಚಿಕೊಂಡರೆ ಖಂಡಿತ ಕಷ್ಟ. ಹುರುಳಿ, ಅಲಸಂದೆ, ಕಡಲೆಕಾಳುಗಳ ಬೆಲೆ ತೊಗರಿಬೇಳೆಗಿಂತ ಬಹಳ ಕೆಳಗಿರುತ್ತದೆ.

ನಮ್ಮ ಬೀದಿಯ ಅಂಗಡಿಯ ಬೆಲೆ ಹಿಡಿದು ಹತ್ತು ರೂಪಾಯಿಗೆ ಎಷ್ಟು ಪ್ರೋಟೀನು ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಹುರುಳಿ ಕಿಲೋ ನೂರು ರೂಪಾಯಿ: ಹತ್ತು ರೂಪಾಯಿಗೆ 22 ಗ್ರಾಂ. ಕಡಲೆಬೀಜ ಕಿಲೋ 150: ಸುಮಾರು 16 ಗ್ರಾಂ. ಏಳು ರೂಪಾಯಿಯ ಮೊಟ್ಟೆ: 9 ಗ್ರಾಂ. ಐವತ್ತು ರೂಪಾಯಿ ಲೀಟರಿನ ಹಾಲು: 6 ಗ್ರಾಂ ಚಿಲ್ಲರೆ. ಅವಳು ತಂದಿದ್ದ ಬಾದಾಮಿ: 2 ಗ್ರಾಂ. ಹಾಲಿಗೆ ಬೆರೆಸುವ ಪುಡಿ: ಅದೂ 2 ಗ್ರಾಮಿನ ಆಸುಪಾಸು. ಐವತ್ತೈದು ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಬೇಕಾದ ಪ್ರೋಟೀನು 46 ಗ್ರಾಂ.

ಬೆಲೆಯೊಂದೇ ನೋಡಿದರೂ ಸಾಲದು. ಮೊಟ್ಟೆ, ಹಾಲಿನ ಪ್ರೋಟೀನು ದಕ್ಕುವಷ್ಟು ಸಲೀಸಾಗಿ ಹುರುಳಿಯದು ದಕ್ಕುವುದಿಲ್ಲ. ಬಿ12 ಜೀವಸತ್ವ ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ. ಹಾಗಾಗಿ ಸಸ್ಯಾಹಾರದ ಮನೆಯಲ್ಲಿ ದಿನಕ್ಕೊಂದು ಲೋಟ ಹಾಲನ್ನೋ ಗಟ್ಟಿ ಮೊಸರನ್ನೋ ಕೈಬಿಡುವಂತಿಲ್ಲ. ತಿನ್ನುವ ಮನೆಯಲ್ಲಿ ಮೊಟ್ಟೆಗಿಂತ ಅಗ್ಗದ ಒಳ್ಳೆಯ ಪದಾರ್ಥ ನನಗೆ ಕಾಣುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ವಿವಾದ ಮಾಡುವವರು ಒಮ್ಮೆ ಆ ಮಕ್ಕಳ ಮನೆಯ ಬುತ್ತಿ ತೆರೆದು ನೋಡಬೇಕು.

ಆ ಪುಡಿಯ ಡಬ್ಬಿಯ ಬಗ್ಗೆ ಇನ್ನೊಂದು ಮಾತು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯದ ಪುಡಿಗಳನ್ನು ಆ ಹೆಸರಿನಡಿ ಮಾರಬಾರದೆಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ, ಮೂರನೇ ಒಂದು ಪಾಲು ಸಕ್ಕರೆಯೇ ಇರುವ ಪುಡಿಗಳಿವೆ. ಇದಕ್ಕೆ ಪರ್ಯಾಯವನ್ನು ನಮ್ಮ ಮೈಸೂರಿನಲ್ಲೇ ಹಿಂದೆ ಮಾಡಿದ್ದರು. 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಅಪೌಷ್ಟಿಕ ಮಕ್ಕಳಿಗೆಂದು ರೂಪಿಸಿದ ವಿವಿಧೋದ್ದೇಶ ಆಹಾರದ ತಿರುಳು ಬಹಳ ಸರಳ: ಎಣ್ಣೆ ತೆಗೆದ ಕಡಲೆಬೀಜದ ಹಿಟ್ಟು ಮೂರು ಪಾಲು, ಹುರಿಗಡಲೆಯ ಹಿಟ್ಟು ಒಂದು ಪಾಲು, ಮೇಲಿಷ್ಟು ಜೀವಸತ್ವ, ಸುಣ್ಣದಂಶ. ಮನೆಯಲ್ಲಿ ಕಡಲೆಬೀಜ, ಹುರಿಗಡಲೆ, ಮೊಳಕೆ ಬರಿಸಿ ಒಣಗಿಸಿದ ರಾಗಿ ಮೂರನ್ನೂ ಹುರಿದು ಪುಡಿ ಮಾಡಿಟ್ಟುಕೊಂಡರೆ ಮಕ್ಕಳಿಗೆ ಬೆಳಗಿನ ಗಂಜಿ ಐದು ನಿಮಿಷದ ಕೆಲಸ.

ರಾಗಿಗೆ ಮೊಳಕೆ ಏಕೆ ಎಂದರೆ ಅದರಲ್ಲಿ ಫೈಟಿಕ್ ಆಮ್ಲ ಎಂಬುದೊಂದಿದೆ. ಕಬ್ಬಿಣವನ್ನೂ ಸುಣ್ಣವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿದಾಗ, ಮೊಳಕೆ ಬಂದಾಗ, ಅಂಬಲಿಯ ಹಾಗೆ ಹುಳಿ ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದಂಶ 350 ಮಿಲಿಗ್ರಾಮಿನ ಆಸುಪಾಸು. ಅಷ್ಟೇ ತೂಕದ ಹಾಲಿನಲ್ಲಿ 120. ಒಂದು ಸಾಧಾರಣ ಮುದ್ದೆಗೆ ಹೆಚ್ಚುಕಡಿಮೆ ನೂರು ಗ್ರಾಂ ಹಿಟ್ಟು ಹಿಡಿಯುತ್ತದೆ. 2025-26ರಲ್ಲಿ ರಾಗಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 4886 ರೂಪಾಯಿ ಇತ್ತು, ಅಂದರೆ ರೈತನಿಗೆ ಸಿಕ್ಕಿದ್ದು ಕಿಲೋಗೆ ಐವತ್ತಕ್ಕೂ ಕಡಿಮೆ. ಅದೇ ರಾಗಿ ಬಿಸ್ಕತ್ತಾಗಿ, ಹೊಳೆಯುವ ಪೊಟ್ಟಣದಲ್ಲಿ ಬಂದಾಗ ಬೆಲೆ ಹತ್ತು ಪಟ್ಟು, ಒಳಗೆ ಮೈದಾ ಮತ್ತು ಸಕ್ಕರೆಯೇ ಹೆಚ್ಚು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಬಂದುಹೋದ ಮೇಲೆ ಇಂಥ ಪೊಟ್ಟಣಗಳು ತುಂಬಿವೆ. ಹಿಟ್ಟಿನ ಗಿರಣಿಗೆ ಹೋಗಿ ರಾಗಿ ಬೀಸಿಸಿಕೊಂಡು ಬನ್ನಿ, ಅಷ್ಟು ಸಾಕು. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಎಚ್ಚರಿಕೆ: ಮುದ್ದೆಯೂ ಧಾನ್ಯವೇ. ರಾಗಿ ಎಂದು ಎರಡು ಮುದ್ದೆ ಉಂಡರೆ ಸಕ್ಕರೆ ಏರುತ್ತದೆ. ಸಣ್ಣ ಮುದ್ದೆ, ಅದರ ಎರಡರಷ್ಟು ಪಲ್ಯ, ಹೀಗೆ ಇರಲಿ.

ಉತ್ತರ ಕರ್ನಾಟಕದ ಓದುಗರು ಇಷ್ಟು ಹೊತ್ತಿಗೆ ನಮ್ಮ ರೊಟ್ಟಿ ಎಲ್ಲಿ ಎಂದು ಕೇಳುತ್ತಿರಬಹುದು. ನಿಜಕ್ಕೂ ಅಗ್ಗದ ಆರೋಗ್ಯದ ಊಟದಲ್ಲಿ ಅವರದೇ ಮೇಲುಗೈ ಎನ್ನುವುದು ನನ್ನ ಅಭಿಪ್ರಾಯ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳಿನ ಉಸಳಿ, ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಪಕ್ಕದಲ್ಲಿ ಹಸಿ ಮೆಂತ್ಯಪಲ್ಯ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ. ಹಸಿಯಾಗಿ ತಿನ್ನುವುದರಿಂದ ಸಿ ಜೀವಸತ್ವ ಬೆಂಕಿಗೆ ಹೋಗುವುದಿಲ್ಲ. ಮೀನಿನೆಣ್ಣೆಯ ಗುಳಿಗೆಯಲ್ಲಿ ಜನ ಹುಡುಕುವ ಒಮೆಗಾ-3 ಕೊಬ್ಬಿನ ಒಂದು ಬಗೆ ಅಗಸಿಯಲ್ಲಿ ಹೇರಳವಾಗಿದೆ. ಕರಾವಳಿಯವರಿಗೆ ಅದು ನೇರವಾಗಿ ಬೂತಾಯಿ, ಬಂಗುಡೆಯಲ್ಲೇ ಸಿಗುತ್ತದೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಸುಣ್ಣವೂ ಉಂಟು. ಅವರ ಕುಚ್ಚಲಕ್ಕಿಯ ಗಂಜಿಯನ್ನೂ ಕೀಳಾಗಿ ಕಾಣಬೇಡಿ. ಭತ್ತವನ್ನು ಕುಚ್ಚುವಾಗ ತೌಡಿನ ಬಿ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ, ಆಮೇಲೆ ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಬೆರಿಬೆರಿ ಕುಚ್ಚಲಕ್ಕಿ ತಿನ್ನುವವರನ್ನು ಅಷ್ಟಾಗಿ ಕಾಡದೆ ಇದ್ದದ್ದು ಇದೇ ಕಾರಣಕ್ಕೆ.

ತರಕಾರಿ ತುಟ್ಟಿ, ಒಪ್ಪುತ್ತೇನೆ. ಒಬ್ಬರಿಗೆ 400 ಗ್ರಾಂ ಎಂದರೆ ನಾಲ್ವರಿಗೆ ದಿನಕ್ಕೆ ಒಂದೂವರೆ ಕಿಲೋ ಮೀರುತ್ತದೆ. ಆದರೆ ಕೊಂಡದ್ದರಲ್ಲಿ ಎಷ್ಟನ್ನು ಎಸೆಯುತ್ತೇವೆ? ಮೂಲಂಗಿಯ ಸೊಪ್ಪು, ನವಿಲುಕೋಸಿನ ಎಲೆ, ಬೀಟ್‌ರೂಟಿನ ಎಲೆ, ಎಲ್ಲವೂ ಗಡ್ಡೆಗಿಂತ ಸತ್ವಯುತ. ಗಾಡಿಯವರು "ಕಿತ್ತಾಕ್ಲಾ?" ಎಂದು ಕೇಳಿದಾಗ ಬೇಡ ಎನ್ನಿ. ಹೀರೆಕಾಯಿ ಸಿಪ್ಪೆಯ ಚಟ್ನಿ, ಸಿಹಿಗುಂಬಳದ ತಿರುಳು-ಸಿಪ್ಪೆಯ ಚಟ್ನಿ ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಹಳ್ಳಿಯಲ್ಲಿರುವವರಿಗೆ ಮಳೆಗಾಲದಲ್ಲಿ ಬೆರಕೆ ಸೊಪ್ಪು ಹೊಲದ ಬದುವಿನಲ್ಲೇ ಸಿಗುತ್ತದೆ: ಅಣ್ಣೆಸೊಪ್ಪು, ಹೊನಗೊನೆ, ಗಣಿಕೆ, ಕನ್ನೆ, ಕಿರಕಸಾಲೆ. ಗುರುತು ಹಿಡಿಯಬಲ್ಲವರು ಈಗ ವಯಸ್ಸಾದ ಹೆಂಗಸರು ಮಾತ್ರ. ಕಳೆನಾಶಕ ಹೊಡೆದ ಹೊಲದಲ್ಲಿ ಮಾತ್ರ ಕೀಳಬೇಡಿ.

ಇಷ್ಟೆಲ್ಲ ಕೇಳಿಸಿಕೊಂಡ ಆ ಹೆಣ್ಣುಮಗಳು ಕೊನೆಗೆ ಕೇಳಿದ್ದು ಒಂದೇ ಮಾತು. "ಸೊಪ್ಪು ಬಿಡಿಸೋಕೆ ಟೈಮೆಲ್ಲೈತಕ್ಕ? ಎಂಟೂವರೆಗೆ ಗೇಟ್ ಒಳಗಿರಬೇಕು."

ಅಗ್ಗದ ಊಟದ ಬಗ್ಗೆ ಬರೆಯುವ ನಾವೆಲ್ಲ ತಪ್ಪಿಸಿಕೊಂಡು ಹೋಗುವ ಪ್ರಶ್ನೆ ಇದು. ಬಸ್ಸಾರಿಗೆ ಕಾಸು ಕಡಿಮೆ, ಸಮಯ ಹೆಚ್ಚು. ಆ ಸಮಯವನ್ನು ಕೊಡುವವಳು ಪ್ರತಿ ಮನೆಯಲ್ಲೂ ಒಬ್ಬಳೇ. ಐದಕ್ಕೆ ಎದ್ದು, ಬುತ್ತಿ ಕಟ್ಟಿ, ಇಡೀ ದಿನ ಹೊಲಿದು, ಸಂಜೆ ಬಂದು ಮತ್ತೆ ಒಲೆ ಹೊತ್ತಿಸುವವಳಿಗೆ ಸೊಪ್ಪು ಸೋಸು ಎಂದು ಹೇಳುವುದು ಸುಲಭ. ಹಾಗೆ ಮಾಡಿಟ್ಟ ಪಲ್ಯದಲ್ಲಿ ಅವಳಿಗೆ ಉಳಿಯುವುದು ಎಷ್ಟು? ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳ ತಟ್ಟೆಗೆ ಅನ್ನ, ಸಾರಿನ ತಳ, ಉಪ್ಪಿನಕಾಯಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಇದರ ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚು. ಇವರೆಲ್ಲರೂ ಕಾಸಿಲ್ಲದವರಲ್ಲ. ಮನೆಯಲ್ಲಿ ಇದ್ದದ್ದೂ ಇವರ ತಟ್ಟೆಯವರೆಗೆ ಬರಲಿಲ್ಲ.

ಅದಕ್ಕೇ ನಾನು ಅವಳಿಗೆ ಹೇಳಿದ್ದನ್ನು ಅವಳ ಗಂಡನಿಗೂ ಹೇಳಿದೆ. ಆಟೋ ಓಡಿಸುತ್ತಾನೆ, ರಾತ್ರಿ ಒಂಬತ್ತಕ್ಕೆ ಬಂದು ಟಿವಿ ಮುಂದೆ ಕೂರುತ್ತಾನೆ. ಟಿವಿ ನೋಡುತ್ತಲೇ ಸೊಪ್ಪು ಬಿಡಿಸಬಹುದು, ಕೈಗೆ ಬೇರೆ ಕೆಲಸವಿಲ್ಲ. ಬಿಡಿಸಿದ ಸೊಪ್ಪನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಫ್ರಿಜ್ ಇಲ್ಲದಿದ್ದರೂ ಬೆಳಗಿನವರೆಗೆ ಬಾಡುವುದಿಲ್ಲ. ರಾತ್ರಿ ಕಾಳು ನೆನೆಹಾಕುವುದು ಮಕ್ಕಳ ಕೆಲಸವಾಗಲಿ. ನೆನೆದ ಕಾಳು ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಭಾನುವಾರ ಕಡಲೆಬೀಜ-ಹುರಿಗಡಲೆಯ ಚಟ್ನಿಪುಡಿ ಒಂದು ಡಬ್ಬಿ ಮಾಡಿಟ್ಟರೆ, ಏನೂ ಮಾಡಲಾಗದ ದಿನ ಅನ್ನ, ಚಟ್ನಿಪುಡಿ, ಬೇಯಿಸಿದ ಮೊಟ್ಟೆ, ಒಂದು ಲೋಟ ಮಜ್ಜಿಗೆ ಇಷ್ಟೇ ಒಳ್ಳೆಯ ಊಟ. ದಿನಾ ಬಸ್ಸಾರೇ ಆಗಬೇಕೆಂದಿಲ್ಲ.

ಅವನು ತಲೆಯಾಡಿಸಿದ. ಮಾಡುತ್ತಾನೋ ಇಲ್ಲವೋ ಕಾದು ನೋಡಬೇಕು. ಮೂರು ದಿನದ ನಂತರ ಅವಳು ಗಾಡಿಯ ಮುಂದೆ ನಿಂತು ದಂಟಿನ ಸೊಪ್ಪು ಆರಿಸುತ್ತಿದ್ದುದನ್ನು ಮಾತ್ರ ಕಣ್ಣಾರೆ ನೋಡಿದೆ.

ಈ ಅಂಕಣ ಓದುವ ನಿಮ್ಮಲ್ಲಿ ಹೆಚ್ಚಿನವರು ಬರುವ ವಾರ ಹೊಸ ತಿಂಗಳ ಸಾಮಾನಿಗೆ ಚೀಟಿ ಬರೆಯುತ್ತೀರಿ. ಈ ಸಲ ಅಕ್ಕಿಯಿಂದ ಶುರುಮಾಡಬೇಡಿ. ಮೊದಲ ಸಾಲಿನಲ್ಲಿ ಹುರುಳಿ, ಅಲಸಂದೆ, ಕಡಲೆಕಾಳು, ಹೆಸರುಕಾಳು, ಕಡಲೆಬೀಜ ಎಂದು ಬರೆಯಿರಿ, ಹೋದ ತಿಂಗಳಿಗಿಂತ ಎರಡು ಕಿಲೋ ಜಾಸ್ತಿ ಹಾಕಿ. ಆ ದುಡ್ಡನ್ನು ಬಿಸ್ಕತ್ತು, ಪುಡಿ ಡಬ್ಬಿ, ಎಣ್ಣೆಯ ಸಾಲಿನಿಂದ ಕಳೆಯಿರಿ. ಅಡುಗೆಯಾದ ಮೇಲೆ ಪಲ್ಯವನ್ನು ಮೊದಲು ಅಡುಗೆ ಮಾಡಿದವಳ ತಟ್ಟೆಗೆ ಬಡಿಸಿ.